ಬಿಲ್ಲಿನ ಹಿಂದೆ ಬರೆದ ಸಿನಿಮಾ

ಸಾಗರದಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ತಿಂಗಳ ಬಿಪಿ ಮಾತ್ರೆಗೆ ಬರುವವರಲ್ಲಿ ಏಳೆಂಟು ಜನ ಚೀಟಿ ಮುಂದಿಡುತ್ತಲೇ ಕೇಳುತ್ತಾರೆ, “ಈ ಸಲ ಯಾವ್ದು ನೋಡಿದ್ರಿ?” ಅಂತ. ಸಿನಿಮಾದ ವಿಷಯ. ನಾನು ಸ್ಟ್ರಿಪ್ ಕತ್ತರಿಸುತ್ತಾ ಎರಡು ಮಾತು ಹೇಳುತ್ತೇನೆ. ಮುಂದಿನ ತಿಂಗಳು ಬಂದಾಗ ಅವರು ಹೌದು ಕಣ್ರೀ ಅನ್ನುತ್ತಾರೆ, ಇಲ್ಲಾ ಬೈಯುತ್ತಾರೆ. ಐದು ವರ್ಷದಿಂದ ಹೀಗೇ ನಡೆದಿದೆ. ನಾನು ವಿಮರ್ಶಕ ಅಲ್ಲ. ಡಿ.ಫಾರ್ಮ ಓದಿದವನು.

ಶುರುವಾದದ್ದು 2020ರ ಲಾಕ್‌ಡೌನಿನಲ್ಲಿ. ಊರಿಗೆ ಊರೇ ಬಾಗಿಲು ಹಾಕಿದ್ದರೂ ಔಷಧಿ ಅಂಗಡಿ ತೆರೆಯಲೇಬೇಕಿತ್ತು. ಆದರೆ ಸಂಜೆ ಬೇಗ ಮುಚ್ಚುತ್ತಿದ್ದೆವು. ಥಿಯೇಟರ್ ಬಂದ್. ಮಗಳು ಟಿವಿಗೆ ಇಂಟರ್ನೆಟ್ ಜೋಡಿಸಿಕೊಟ್ಟಳು. ನಾನು, ಹೆಂಡತಿ, ಅಮ್ಮ, ಮಗಳು, ನಾಲ್ಕೂ ಜನ ಒಂದೇ ಹಾಲ್‌ನಲ್ಲಿ ಸಿನಿಮಾ ನೋಡಲು ಕೂತದ್ದು ಅದೇ ಮೊದಲು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ರಿಮೋಟು ಸೀರಿಯಲ್ಲಿಗೆ ಸೇರಿದ್ದು.

ನನಗೆ ಮರೆವು ಜಾಸ್ತಿ. ಮಂಗಳವಾರ ನೋಡಿದ್ದು ಶನಿವಾರಕ್ಕೆ ಹಾರಿಹೋಗುತ್ತದೆ. ಬರೆದಿಡೋಣ ಅನಿಸಿತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಹಳೇ ತೆರಿಗೆಯ ಟಿನ್ ನಂಬರ್ ಅಚ್ಚಾದ ಬಿಲ್ ಬುಕ್ಕುಗಳು ಒಂದು ಕಟ್ಟು ಉಳಿದುಹೋಗಿದ್ದವು. ಎಸೆಯಲು ಮನಸ್ಸು ಬರದೆ ಅಟ್ಟದ ಮೇಲೆ ಇಟ್ಟಿದ್ದೆ. ಹಿಂಬದಿ ಖಾಲಿ. ಒಂದು ಸಿನಿಮಾಕ್ಕೆ ಒಂದು ಬಿಲ್ಲು ಅಂತ ಮಾಡಿಕೊಂಡೆ. ಅಂಗೈ ಅಗಲದ ಕಾಗದ. ಅದರಲ್ಲಿ ಹಿಡಿಸಿದಷ್ಟೇ ಅಭಿಪ್ರಾಯ. ಹಿಡಿಸಲಿಲ್ಲ ಅಂದರೆ ನಾನು ಕಥೆ ಹೇಳಲು ಹೊರಟಿದ್ದೇನೆ ಅಂತಲೇ ಲೆಕ್ಕ.

ಮೊದಮೊದಲು ಸ್ಟಾರ್ ಕೊಡುತ್ತಿದ್ದೆ. ಐದಕ್ಕೆ ಮೂರು, ಐದಕ್ಕೆ ಮೂರೂವರೆ. ಆರು ತಿಂಗಳಾದ ಮೇಲೆ ಕಟ್ಟು ಬಿಚ್ಚಿ ನೋಡಿದರೆ ಹೆಚ್ಚುಕಮ್ಮಿ ಎಲ್ಲದಕ್ಕೂ ಮೂರೇ! ಕೆಳಗೆ ಬರೆದದ್ದೂ ಒಂದೇ ತರ. “ನಟನೆ ಚೆನ್ನಾಗಿದೆ, ಹಾಡು ಇಂಪು, ಸೆಕೆಂಡ್ ಹಾಫ್ ಸ್ವಲ್ಪ ಎಳೆದಿದ್ದಾರೆ.” ಸಿನಿಮಾದ ಹೆಸರು ಮುಚ್ಚಿದರೆ ಯಾವುದರ ಬಗ್ಗೆ ಬರೆದದ್ದು ಅಂತ ನನಗೇ ಗೊತ್ತಾಗುತ್ತಿರಲಿಲ್ಲ.

ನಮ್ಮ ತಾಲ್ಲೂಕಿನ ಹೆಗ್ಗೋಡು ಗೊತ್ತಲ್ವಾ? ಕೆ.ವಿ. ಸುಬ್ಬಣ್ಣನವರು ನೀನಾಸಂ ಕಟ್ಟಿ, ಚಿತ್ರಸಮಾಜ ಮಾಡಿ, ಅಡಿಕೆ ತೋಟದ ಜನಕ್ಕೆ ಹೊರದೇಶದ ಸಿನಿಮಾ ತೋರಿಸಿದ ಊರು. ಆ ಕಡೆಯ ಹಿರಿಯರೊಬ್ಬರು ನಮ್ಮಲ್ಲಿ ಶುಗರ್ ಮಾತ್ರೆ ತಗೊಳ್ಳುತ್ತಾರೆ. ಹಳೇ ಶಿಬಿರಗಳಲ್ಲಿ ಕೂತವರು. ಒಂದು ದಿನ ನಾನು ಕೌಂಟರಿನಲ್ಲಿ ನನ್ನ ನಟನೆ-ಹಾಡು-ಸೆಕೆಂಡ್ ಹಾಫ್ ಪಾಠ ಒಪ್ಪಿಸುತ್ತಿದ್ದೆ. ಅವರು ಕೇಳಿಸಿಕೊಂಡು, “ನೀನು ಸಿನಿಮಾ ನೋಡಿದ್ಯೋ, ಪೋಸ್ಟರ್ ನೋಡಿದ್ಯೋ? ಒಂದು ದೃಶ್ಯ ಹೇಳು ನೋಡಣ” ಅಂದರು. ನನಗೆ ಒಂದೂ ನೆನಪಾಗಲಿಲ್ಲ. ಪಕ್ಕದಲ್ಲಿ ಇನ್ನೊಬ್ಬರು ಕೆಮ್ಮಿನ ಸಿರಪ್ಪಿಗೆ ನಿಂತಿದ್ದರು, ಅವರೂ ನಕ್ಕರು.

ಅವತ್ತಿನಿಂದ ಸ್ಟಾರ್ ಬಿಟ್ಟೆ. ಈಗ ಬಿಲ್ಲಿನ ತಲೆಯ ಮೇಲೆ ಹೆಸರು, ವಾರ, ಎಷ್ಟು ಗಂಟೆಗೆ ಹಾಕಿದ್ದು, ಯಾರ್ಯಾರು ಕೂತಿದ್ದೆವು, ಎಲ್ಲೆಲ್ಲಿ ನಿಂತಿತು ಅಂತ ಬರೆಯುತ್ತೇನೆ. ಆಮೇಲೆ ಒಂದು ದೃಶ್ಯ. ಆಮೇಲೆ ಅನಿಸಿದ್ದು. ಇದನ್ನು ಮಲಗುವ ಮೊದಲೇ ಬರೆಯಬೇಕು, ಬೇರೆಯವರು ಏನಂದಿದ್ದಾರೆ ಅಂತ ಫೋನಿನಲ್ಲಿ ನೋಡುವ ಮೊದಲು. ಒಮ್ಮೆ ನೋಡಿದಿರೋ, ಮುಗಿಯಿತು. ಅವರ ಮಾತೇ ನಿಮ್ಮ ಮಾತಾಗಿ ಬರುತ್ತದೆ.

ಎಲ್ಲಿ ನಿಂತಿತು ಅನ್ನುವುದು ಮನೆಯಲ್ಲಿ ಸಿನಿಮಾ ನೋಡುವವರಿಗೆ ಮಾತ್ರ ಇರುವ ಭಾಗ್ಯ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋಗುತ್ತದೆ, ಮರ ಬಿದ್ದು ಇಂಟರ್ನೆಟ್ ತಂತಿ ಹರಿಯುತ್ತದೆ, ರಾತ್ರಿ ಯಾರಿಗೋ ಜ್ವರ ಅಂತ ಅಂಗಡಿ ಬಾಗಿಲು ತೆಗೆಸುತ್ತಾರೆ. ಇವೆಲ್ಲ ತಾನಾಗಿ ನಿಂತದ್ದು. ಅದಕ್ಕೆ ಸಿನಿಮಾ ಹೊಣೆ ಅಲ್ಲ. ಆದರೆ ನಾವಾಗಿಯೇ ಪಾಸ್ ಒತ್ತಿ ನೀರು ಕುಡಿಯಲು ಎದ್ದೆವು, ಫೋನ್ ನೋಡಿದೆವು, ನಾಳೆಯ ತಿಂಡಿ ಏನು ಅಂತ ಮಾತು ಬಂತು ಅಂದರೆ ಅದನ್ನು ಬರೆದುಕೊಳ್ಳುತ್ತೇನೆ. ಸಿನಿಮಾ ಅಲ್ಲಿ ನಮ್ಮ ಕೈ ಬಿಟ್ಟಿತು ಅಂತ. ಅದರ ಉಲ್ಟಾ ಕೂಡ ಇದೆ. ಒಲೆಯ ಮೇಲೆ ಹಾಲಿಟ್ಟಿದ್ದೇವೆ ಅನ್ನುವುದು ನಾಲ್ಕೂ ಜನಕ್ಕೆ ಮರೆತುಹೋಗುವುದು. ನನ್ನ ಕಟ್ಟಿನಲ್ಲಿ “ಹಾಲು ಉಕ್ಕಿತು” ಅಂತ ಬರೆದ ಬಿಲ್ಲುಗಳು ಆರೇ ಆರು. ಈಗ ನಮ್ಮ ಮನೆಯ ಸ್ಟಾರ್ ಅದೇ.

ತಪ್ಪುಗಳ ವಿಷಯಕ್ಕೆ ಬರೋಣ. ಸುಮಾರು ಇವೆ.

ಹೇಮಂತ್ ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ 2023ರಲ್ಲಿ ಎರಡು ಭಾಗವಾಗಿ ಬಂತು, ಸೆಪ್ಟೆಂಬರಿನಲ್ಲಿ ಸೈಡ್ ಎ, ನವೆಂಬರಿನಲ್ಲಿ ಸೈಡ್ ಬಿ. ಮೊದಲನೆಯದರ ಬಿಲ್ಲಿನಲ್ಲಿ ನಾನು ಬರೆದದ್ದು ಇಷ್ಟು: “ಬುಧವಾರ, ರಾತ್ರಿ 10.40, ಒಬ್ಬನೇ. ನಿಧಾನ. ತುಂಬಾ ನಿಧಾನ.” ಎಂಟು ಜನಕ್ಕೆ ಹಾಗೇ ಹೇಳಿದೆ. ಒಂದು ಭಾನುವಾರ ಬೆಳಗ್ಗೆ ಹೆಂಡತಿ ಅದನ್ನೇ ಹಾಕಿದಳು. ನಾನು ಅವರೆಕಾಯಿ ಸುಲಿಯುತ್ತಾ ಪಕ್ಕದಲ್ಲಿ ಕೂತಿದ್ದೆ. ಕಥಾನಾಯಕ ಮನು, ಸಾಹುಕಾರನ ಮನೆಯವರ ತಪ್ಪನ್ನು ದುಡ್ಡಿನ ಆಸೆಗೆ ತನ್ನ ಮೇಲೆ ಹಾಕಿಕೊಂಡು ಜೈಲಿಗೆ ಹೋಗುತ್ತಾನೆ. ಅವನು ಒಳಗೆ, ಅವನ ಹುಡುಗಿ ಪ್ರಿಯಾ ಹೊರಗೆ. ಇಬ್ಬರಿಗೂ ಇರುವ ಕೆಲಸ ಒಂದೇ, ಕಾಯುವುದು. ನೋಡುತ್ತಾ ಹೋದರೆ, ಅರೆ, ಈ ಭಾಗ ನಾನು ನೋಡೇ ಇಲ್ಲವಲ್ಲ! ಬುಧವಾರ ನಾನು ನಿದ್ದೆ ಹೋಗಿದ್ದೆ. ಕಡಿಮೆ ಅಂದರೂ ಇಪ್ಪತ್ತು ನಿಮಿಷ. ನಿಧಾನ ಇದ್ದದ್ದು ಹನ್ನೆರಡು ಗಂಟೆ ಕೌಂಟರಿನಲ್ಲಿ ನಿಂತು ಬಂದ ನನ್ನ ಕಣ್ಣುರೆಪ್ಪೆ. ಏಳು ಜನಕ್ಕೆ ಕರೆದು ತಿದ್ದಿ ಹೇಳಿದೆ. ಎಂಟನೆಯವರಿಗೆ ಅಷ್ಟರಲ್ಲಿ ವರ್ಗ ಆಗಿತ್ತು. ಅವರು ಇವತ್ತಿಗೂ ಅದನ್ನು ನಿಧಾನದ ಸಿನಿಮಾ ಅಂದುಕೊಂಡಿರಬೇಕು.

ಸೈಡ್ ಬಿ ನನಗೆ ಈಗಲೂ ಅಷ್ಟು ಹಿಡಿಸಿಲ್ಲ. ಅದನ್ನು ಬೆಳಗ್ಗೆಯೇ ನೋಡಿದ್ದು, ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ.

ಇನ್ನೊಂದು ತಪ್ಪು ನನ್ನದಲ್ಲ, ಟಿವಿಯದ್ದು. ರಾಜ್ ಬಿ. ಶೆಟ್ಟಿ ಅವರ ‘ಗರುಡ ಗಮನ ವೃಷಭ ವಾಹನ’ ನೋಡುವಾಗ ರಿಮೋಟು ಕೈಯಿಂದ ಕೆಳಗಿಡಲಿಲ್ಲ. ಮಾತು ಕೇಳಲ್ಲ ಅಂತ ಏರಿಸುವುದು, ಸಂಗೀತ ಬಂದರೆ ಕಿವಿ ಹರಿಯುತ್ತದೆ ಅಂತ ಇಳಿಸುವುದು. ಮಂಗಳೂರು ಕಡೆಯ ಕನ್ನಡ ಬೇರೆ, ಅಮ್ಮ ಪ್ರತಿ ಮಾತಿಗೂ “ಏನಂದ, ಏನಂದ?” ಬಿಲ್ಲಿನಲ್ಲಿ “ಸೌಂಡ್ ಸರಿ ಮಾಡಿಲ್ಲ” ಅಂತ ಬರೆದೆ. ಮಗಳು ಅದನ್ನು ಓದಿ ನಕ್ಕಳು. ಥಿಯೇಟರಿನಲ್ಲಿ ಮಾತು ಪರದೆಯ ನಡುವಿನ ಸ್ಪೀಕರಿನಿಂದ ಬರುತ್ತದಂತೆ, ಸಂಗೀತ ಸುತ್ತಮುತ್ತಲಿಂದ. 5.1 ಅನ್ನುವುದು ಅದಕ್ಕೇ, ಐದು ಸ್ಪೀಕರ್, ಜೊತೆಗೆ ದಪ್ಪ ಸದ್ದಿಗೆ ಇನ್ನೊಂದು. ನಮ್ಮ ಟಿವಿಯ ಹಿಂದೆ ಇರುವುದು ಎರಡು ಸಣ್ಣ ಸ್ಪೀಕರ್. ಎಲ್ಲವನ್ನೂ ಆ ಎರಡಕ್ಕೇ ತುರುಕಿದರೆ ಮಾತು ತಳಕ್ಕೆ ಹೋಗುತ್ತದೆ. ಆಡಿಯೋ ಪಟ್ಟಿಯಲ್ಲಿ ಸ್ಟೀರಿಯೋ ಅಂತ ಇದ್ದರೆ ಅದನ್ನು ಒತ್ತಬೇಕು. ಇಲ್ಲವಾದರೆ ಟಿವಿಯ ಸೆಟ್ಟಿಂಗಿನಲ್ಲಿ ಮಾತನ್ನು ಮೇಲೆತ್ತುವ ಆಯ್ಕೆ ಇರುತ್ತದೆ.

ಅವತ್ತೇ ಇನ್ನೊಂದನ್ನೂ ಸರಿ ಮಾಡಿದಳು. ನಮ್ಮ ಟಿವಿಯಲ್ಲಿ ಯಾವ ಸಿನಿಮಾ ಹಾಕಿದರೂ ಸೀರಿಯಲ್ ತರ ಕಾಣುತ್ತಿತ್ತು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಈ ಟಿವಿ ನಡುನಡುವೆ ತಾನೇ ಚಿತ್ರ ಹುಟ್ಟಿಸಿ ಸೇರಿಸಿ ನುಣುಪು ಮಾಡುತ್ತಿತ್ತು. ಮೋಷನ್ ಸ್ಮೂತಿಂಗ್ ಅಂತಲೋ ಬೇರೆ ಏನೋ ಹೆಸರಿನಲ್ಲೋ ಇರುತ್ತದೆ, ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿದೆ. ಅದನ್ನು ಆಫ್ ಮಾಡಿ. ಮಾಡಿದ ಮೇಲೆ ಹಳೇ ಬಿಲ್ಲುಗಳಲ್ಲಿ “ಕ್ಯಾಮೆರಾ ಕೆಲಸ ಅಗ್ಗ” ಅಂತ ಬರೆದಿದ್ದ ನಾಲ್ಕನ್ನು ಹರಿದು ಹಾಕಿದೆ.

ಇವೆರಡೂ ನಗುವಂಥ ತಪ್ಪುಗಳು. ಮುಂದಿನದು ಹಾಗಲ್ಲ.

ಒಬ್ಬರು ತಿಂಗಳು ತಿಂಗಳು ಅಪ್ಪನಿಗೆ ಮರೆವಿನ ಮಾತ್ರೆ ಒಯ್ಯುತ್ತಿದ್ದರು. ಅವರಿಗೆ ನಾನು ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಹೇಳಿದೆ. 2016ರದ್ದು, ಹೇಮಂತ್ ರಾವ್ ಅವರ ಮೊದಲ ಸಿನಿಮಾ. ಅಲ್ಜೈಮರ್ ಆದ ವೆಂಕೋಬ ರಾವ್ ಕಳೆದುಹೋಗುತ್ತಾರೆ, ಮಗ ಶಿವ ಹುಡುಕುತ್ತಾನೆ. ಪತ್ರಿಕೆಯಲ್ಲಿ ಕಾಣೆಯಾದವರ ಜಾಹೀರಾತು ಬರುತ್ತದಲ್ಲ, ಆ ಸಾಲನ್ನೇ ಸಿನಿಮಾಕ್ಕೆ ಹೆಸರಿಟ್ಟಿದ್ದಾರೆ. ಅನಂತನಾಗ್ ಅವರನ್ನು ನೋಡುತ್ತಾ ನಮ್ಮ ಮನೆಯಲ್ಲಿ ಹಾಲು ಉಕ್ಕಿತ್ತು. ಆ ಉತ್ಸಾಹದಲ್ಲಿ “ನಿಮಗಂತೂ ತುಂಬಾ ಹತ್ತಿರ ಆಗುತ್ತೆ, ನೋಡಿ” ಅಂದುಬಿಟ್ಟೆ.

ಮುಂದಿನ ತಿಂಗಳು ಅವರು ಬಂದರು. ಮಾತ್ರೆ ತಗೊಂಡರು. ಚಿಲ್ಲರೆ ಎಣಿಸಿಕೊಂಡರು. ನಾನೇ ಕೇಳಿದೆ, ನೋಡಿದ್ರಾ ಅಂತ. “ಹ್ಞೂಂ. ಅರ್ಧಕ್ಕೆ ನಿಲ್ಸಿದೆ. ಅಪ್ಪ ಪಕ್ಕದಲ್ಲೇ ಕೂತಿದ್ರು. ‘ಪಾಪ, ಯಾರೋ ಅದು’ ಅಂದ್ರು” ಅಂತ ಹೇಳಿ ಹೋದರು.

ಬೈಯ್ದಿದ್ದರೆ ಚೆನ್ನಾಗಿತ್ತು. ಸಿನಿಮಾ ಒಳ್ಳೆಯದೇ. ನಾನು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಔಷಧಿ ಕೊಡುವಾಗ ಊಟ ಆಗಿದೆಯಾ, ಬೇರೆ ಏನು ಮಾತ್ರೆ ತಗೊಳ್ತಿದ್ದೀರಿ ಅಂತ ಕೇಳುವವನು ಸಿನಿಮಾ ಹೇಳುವಾಗ ಏನೂ ಕೇಳಿರಲಿಲ್ಲ. ಈಗ ಯಾರೇ ಬರಲಿ, ಮೊದಲು “ಮನೇಲಿ ಯಾರ್ಯಾರು ಕೂತ್ಕೋತೀರಿ?” ಅಂತ ಕೇಳಿಯೇ ಬಾಯಿ ತೆರೆಯುತ್ತೇನೆ. ಬಿಲ್ಲಿನ ತಳದಲ್ಲಿ ‘ಯಾರಿಗೆ ಬೇಡ’ ಅಂತ ಒಂದು ಸಾಲು ಸೇರಿಕೊಂಡದ್ದು ಹಾಗೆ. ಯಾರಿಗೆ ಬೇಕು ಅನ್ನುವುದಕ್ಕಿಂತ ಅದು ಮುಖ್ಯ ಅನಿಸುತ್ತದೆ.

ಕೆಲವು ಸಿನಿಮಾಗಳ ಬಿಲ್ಲನ್ನು ನಾನು ಬರೆಯುವುದೇ ಇಲ್ಲ, ಹೆಂಡತಿ ಬರೆಯುತ್ತಾಳೆ. ಅವಳು ಹಾವೇರಿ ಕಡೆಯವಳು. ‘ಶಿವಮ್ಮ ಯರೇಹಂಚಿನಾಳ’ ನೋಡುವಾಗ ನಮಗೆಲ್ಲ ಅವಳೇ ಸಬ್‌ಟೈಟಲ್. ಕೊಪ್ಪಳ ಜಿಲ್ಲೆಯ ಹಳ್ಳಿ, ಅಲ್ಲಿಯ ಜನರೇ ನಟಿಸಿದ್ದಾರೆ. ಜೈಶಂಕರ್ ಆರ್ಯರ್ ನಿರ್ದೇಶನ, 2022ರಲ್ಲಿ ಬುಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂದಿತ್ತು. ಶಾಲೆಯಲ್ಲಿ ಬಿಸಿಯೂಟ ಮಾಡುವ ಶಿವಮ್ಮ ನೆಟ್‌ವರ್ಕ್ ಮಾರ್ಕೆಟಿಂಗಿಗೆ ಬಿದ್ದು, ಎಲ್ಲ ಕಾಯಿಲೆಗೂ ಆಗುತ್ತದೆ ಅಂತ ಒಂದು ಪೇಯವನ್ನು ಊರವರ ತಲೆಗೆ ಕಟ್ಟಲು ಓಡಾಡುತ್ತಾಳೆ. ಹೆಂಡತಿ ಮೂರು ಸಲ ಪಾಸ್ ಒತ್ತಿದಳು. ಮೂರೂ ಸಲ ಹೇಳಿದ್ದು ಒಂದೇ ಮಾತು, “ಈ ಹೆಣಮಗಳನ್ನ ನಾ ನೋಡೀನಿ.” ನನಗೆ ಬೇರೆ ಕಾರಣಕ್ಕೆ ಮೈ ಬೆಚ್ಚಗಾಯಿತು. ಅಂಥದೇ ಡಬ್ಬಿ ಹಿಡಿದು ನಮ್ಮ ಅಂಗಡಿಗೆ ಎಷ್ಟು ಜನ ಬಂದಿಲ್ಲ! “ನಿಮ್ಮ ಕೌಂಟರಲ್ಲಿ ಇಟ್ರೆ ಸಾಕು ಸಾರ್, ಜನ ನಂಬ್ತಾರೆ.” ನಾನು ಅವರನ್ನು ಯಾವಾಗಲೂ ಸಿಡುಕಿ ಕಳಿಸಿದ್ದೇನೆ. ಶಿವಮ್ಮನನ್ನು ನೋಡಿದ ಮೇಲೆ ಕೂರಿಸಿ, ನೀರು ಕೊಟ್ಟು, ಆಮೇಲೆ ಬೇಡ ಅನ್ನುತ್ತೇನೆ. ಹೆಂಡತಿಯ ಬಿಲ್ಲಿನಲ್ಲಿ ಮಾತ್ರ “ಆಕಿ ಕೆಟ್ಟಾಕಿ ಅಲ್ಲ. ಆದ್ರ ದುಡ್ಡು ಕೊಡಬ್ಯಾಡ್ರಿ” ಅಂತಷ್ಟೇ ಇದೆ. ಇದಕ್ಕಿಂತ ಚೆನ್ನಾಗಿ ನನಗೆ ಬರೆಯಲು ಬರುತ್ತಿರಲಿಲ್ಲ.

2025ರ ಜನವರಿಯಲ್ಲಿ ನಾ. ಡಿಸೋಜ ತೀರಿಕೊಂಡರು. ನಮ್ಮ ಸಾಗರದವರು. ಲೋಕೋಪಯೋಗಿ ಇಲಾಖೆಯಲ್ಲಿದ್ದು ಶರಾವತಿ ಯೋಜನೆಯ ಕೆಲಸ ಮಾಡಿದವರು, ಮುಳುಗಿದ ಊರುಗಳನ್ನು ಹತ್ತಿರದಿಂದ ಕಂಡು ಬರೆದವರು. ಆ ವಾರ ಊರೆಲ್ಲ ಅವರದೇ ಮಾತು. ಅವರ ಕಾದಂಬರಿಯಿಂದ ಗಿರೀಶ್ ಕಾಸರವಳ್ಳಿ ಮಾಡಿದ ‘ದ್ವೀಪ’ವನ್ನು ಮಗಳು ಎಲ್ಲೋ ಹುಡುಕಿ ಟಿವಿಗೆ ಹಾಕಿದಳು. ಸೌಂದರ್ಯ ತಾವೇ ನಿರ್ಮಿಸಿ ನಟಿಸಿದ ಸಿನಿಮಾ. ಅತ್ಯುತ್ತಮ ಚಿತ್ರಕ್ಕೂ, ಎಚ್.ಎಂ. ರಾಮಚಂದ್ರ ಅವರ ಕ್ಯಾಮೆರಾಕ್ಕೂ ರಾಷ್ಟ್ರಪ್ರಶಸ್ತಿ ಬಂದಿದೆ.

ಅಮ್ಮನ ತವರು ಶರಾವತಿಯ ದಡದಲ್ಲಿತ್ತು. ಇತ್ತು ಅಂತಲೇ ಹೇಳಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಆ ಊರು ನೀರಿಗೆ ಹೋಯಿತು. ಅಮ್ಮನಿಗೆ ಆಗ ಹನ್ನೊಂದು ವರ್ಷ. ಇದು ನನಗೆ ಗೊತ್ತಿತ್ತು. ನಮ್ಮ ಕಡೆ ಇದು ದೊಡ್ಡ ವಿಷಯ ಏನಲ್ಲ, ಮನೆಗೊಬ್ಬರು ಅಂಥವರಿದ್ದಾರೆ.

ಅಮ್ಮ ಸಿನಿಮಾ ನೋಡುವಾಗ ಸುಮ್ನೆ ಕೂರುವವರಲ್ಲ. ಇವನ್ಯಾರು, ಕಳ್ಳನಾ, ಇವಳಿಗೆ ಮದುವೆ ಆಗಿದ್ಯಾ, ಎಲ್ಲ ಬೇಕು. ಅವತ್ತು ಎಲೆ-ಅಡಿಕೆ ತಟ್ಟೆ ತೊಡೆಯ ಮೇಲೆ ಇಟ್ಟುಕೊಂಡು ಕೂತವರು ಎಲೆಗೆ ಸುಣ್ಣ ಹಚ್ಚಿದರು, ಹಾಗೇ ಕೈಯಲ್ಲಿ ಹಿಡಿದುಕೊಂಡಿದ್ದರು. ಸಿನಿಮಾದಲ್ಲಿ ಗಣಪ, ಅವನ ಹೆಂಡತಿ ನಾಗಿ, ಅಪ್ಪ ದುಗ್ಗಜ್ಜ ತಾವಿರುವ ಸೀತಾಪರ್ವತ ಬಿಡಲು ಒಪ್ಪುವುದಿಲ್ಲ. ನೀರು ದಿನಾ ಒಂದಿಷ್ಟು ಮೇಲೆ ಬರುತ್ತದೆ. ಮಳೆ ನಿಲ್ಲುವುದಿಲ್ಲ. ನಾನು ಒಮ್ಮೆ ಪಾಸ್ ಒತ್ತಿ “ಏನಮ್ಮಾ, ಸಾಕಾ?” ಅಂದೆ. “ಹಾಕು. ನಿಲ್ಲಿಸ್ಬೇಡ” ಅಂದರು. ಎಲೆ ಬಾಡಿಹೋಗಿತ್ತು.

ಮುಗಿದ ಮೇಲೆ ಅಭ್ಯಾಸದಂತೆ ಬಿಲ್ಲು ತೆಗೆದು ಬರೆದೆ. ಬರೆದದ್ದನ್ನು ಜೋರಾಗಿ ಓದಿದೆ. “ಮಳೆಯನ್ನು ಇಷ್ಟು ಚಂದ ತೋರಿಸಿದ ಸಿನಿಮಾ ನಾನು ನೋಡಿಲ್ಲ.”

“ಮಳೆ ಚಂದ ಕಂಡದ್ದು ನಿಂಗೆ” ಅಂದರು ಅಮ್ಮ.

ಸ್ವಲ್ಪ ಹೊತ್ತು ಬಿಟ್ಟು ತಾವೇ ಶುರುಮಾಡಿದರು. ಹೊಸ ಜಾಗದಲ್ಲಿ ಮರ ಕೊಳ್ಳಲು ದುಡ್ಡಿರಲಿಲ್ಲ. ಅಜ್ಜ ಹಳೇ ಮನೆಯ ಹೆಬ್ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ಗಾಡಿಗೆ ಹೇರಿ ಮುಂದೆ ಕಳಿಸಿಬಿಟ್ಟರು. ಗಾಡಿ ತಿರುಗಿ ಬರುವುದು ಮಾರನೇ ದಿನ. ಹಾಗಾಗಿ ಕೊನೆಯ ರಾತ್ರಿ ಬಾಗಿಲಿಲ್ಲದ ಮನೆಯಲ್ಲಿ ಮಲಗಬೇಕಾಯಿತು. ಬಾಗಿಲು ಇದ್ದ ಜಾಗಕ್ಕೆ ಅಜ್ಜಿ ಒನಕೆ ಅಡ್ಡ ಇಟ್ಟು, ಅದರ ಪಕ್ಕದಲ್ಲೇ ಚಾಪೆ ಹಾಸಿಕೊಂಡು, ರಾತ್ರಿಯಿಡೀ ಎದ್ದು ಕೂತಿದ್ದರಂತೆ. “ಒನಕೆ ಇಟ್ರೆ ಏನು ಬರದ ಹಾಗೆ ಇರ್ತದಾ? ಆದ್ರೂ ಇಟ್ಟಿದ್ಲು.” ನನಗೆ ನಲವತ್ತೆಂಟು ವರ್ಷ. ಈ ಒನಕೆಯ ವಿಷಯ ನಾನು ಕೇಳಿದ್ದು ಅವತ್ತೇ.

ಸಿನಿಮಾದ ಕೊನೆ ಹೇಳಬಾರದು ಅಂತ ನನ್ನದೊಂದು ನಿಯಮ ಇದೆ. ಆದರೆ ‘ದ್ವೀಪ’ ಬಂದು ಇಪ್ಪತ್ತು ವರ್ಷದ ಮೇಲಾಯಿತು, ಹೇಳುತ್ತೇನೆ. ರಾತ್ರಿಯೆಲ್ಲ ಎಚ್ಚರವಿದ್ದು ಹುಲಿಯನ್ನು ದೂರ ಇಟ್ಟು ಮನೆ ಉಳಿಸಿದವಳು ನಾಗಿ. ಬೆಳಗಾದಾಗ ಗಣಪ ದೇವರು ಕಾಪಾಡಿದ ಅನ್ನುತ್ತಾನೆ. ನನ್ನ ಹೆಂಡತಿ, “ಅನ್ನ ಉದುರುದುರಾಗಿ ಆದ್ರ ಅಕ್ಕಿ ಚಲೋ ಅದ ಅಂತೀರಲ್ಲ, ಹಂಗ” ಅಂದಳು. ನಾನು ಬಿಲ್ಲಿನ ಮೇಲೆ ಬರೆದಿದ್ದ ಮಳೆಯ ಸಾಲನ್ನು ಹೊಡೆದು ಹಾಕಿ ಒನಕೆ ಅಂತ ಒಂದೇ ಪದ ಬರೆದೆ. ಹಾಲಿನ ವಾಸನೆ ಬಂದದ್ದು ಆಗಲೇ. ಪಾತ್ರೆ ಸೀದು ಕರಿ ಹಿಡಿದಿತ್ತು.

ಈಗ ಕೌಂಟರಿನಲ್ಲಿ ‘ದ್ವೀಪ’ದ ಹೆಸರು ಎತ್ತಿದರೆ ನನ್ನ ಅಭಿಪ್ರಾಯ ಯಾರಿಗೂ ಬೇಡ. ಅವರವರ ಊರು ಮುಳುಗಿದ ಕಥೆ ಹೇಳಲು ನಿಂತುಬಿಡುತ್ತಾರೆ. ಹಿಂದೆ ನಿಂತವರೂ ಅವಸರ ಮಾಡುವುದಿಲ್ಲ.

ಇತ್ತೀಚಿನದೊಂದು ಹೇಳಿ ನಿಲ್ಲಿಸುತ್ತೇನೆ. 2025ರ ಜುಲೈನಲ್ಲಿ ಬಂದ ‘ಸು ಫ್ರಮ್ ಸೋ’ವನ್ನು ಮಗಳು ಶಿವಮೊಗ್ಗದಲ್ಲಿ ಗೆಳತಿಯರ ಜೊತೆ ನೋಡಿ ಬಂದು ಎರಡು ದಿನ ನಕ್ಕಿದ್ದಳು. ಕರಾವಳಿಯ ಹಳ್ಳಿಯ ಹುಡುಗನ ಮೈಮೇಲೆ ಸೋಮೇಶ್ವರದ ಸುಲೋಚನ ಬಂದಿದ್ದಾಳೆ ಅಂತ ಊರೇ ನಂಬಿಬಿಡುವ ಕಥೆ. ಸೆಪ್ಟೆಂಬರಿನಲ್ಲಿ ಆ ಸಿನಿಮಾ ಮನೆಯ ಟಿವಿಗೆ ಬಂದಾಗ ನಾನು, ಹೆಂಡತಿ ಇಬ್ಬರೇ ಕೂತು ನೋಡಿದೆವು. ನಾಲ್ಕೈದು ಕಡೆ ಮುಗುಳ್ನಕ್ಕೆವು. “ಇಷ್ಟೇನಾ?” ಅಂತ ಬರೆದೆ. ಆಯುಧಪೂಜೆಯ ದಿನ ಅಂಗಡಿ ಪೂಜೆ ಮುಗಿಸಿ ತಂಗಿಯ ಮನೆಯವರೆಲ್ಲ ಬಂದರು, ಒಟ್ಟು ಹನ್ನೊಂದು ಜನ. ಮಕ್ಕಳು ಅದನ್ನೇ ಹಾಕಿದರು. ಸಿನಿಮಾದ ರವಿಯಣ್ಣ ಬಾಯಿ ಬಿಡುವ ಮೊದಲೇ ನಗು. ನನ್ನ ಭಾವನವರಿಗೆ ಕಡಲೆ ಉಸ್ಲಿ ನೆತ್ತಿಗೆ ಹತ್ತಿತು. ಸಿನಿಮಾ ಅದೇ, ಟಿವಿ ಅದೇ. ತಮಾಷೆಯ ಸಿನಿಮಾ ಇಬ್ಬರೇ ನೋಡಿ ತೀರ್ಪು ಕೊಡಬಾರದು ಅಂತ ಕಾಣುತ್ತದೆ. ಹಳೇ ಬಿಲ್ಲಿನ ಪಕ್ಕದಲ್ಲೇ “11 ಜನ” ಅಂತ ಬರೆದು ಪಿನ್ ಹೊಡೆದಿದ್ದೇನೆ.

ಅಮ್ಮ ಮಾತ್ರ ಅವತ್ತು ಒಪ್ಪಲಿಲ್ಲ. “ಇದಕ್ಕಿಂತ ಗಣೇಶನ ಮದುವೆ ವಾಸಿ” ಅಂದರು. 1990ರದ್ದು, ಫಣಿ ರಾಮಚಂದ್ರ ಅವರದು, ಅನಂತನಾಗ್, ವಿನಯಾ ಪ್ರಸಾದ್, ಆ ವಠಾರ. ತಿಂಗಳಿಗೊಮ್ಮೆ ಬೇಕೇ ಬೇಕು ಅವರಿಗೆ. ಮಾತು ಬರುವ ಮೊದಲೇ ತಾವು ಹೇಳುತ್ತಾರೆ. ಇಷ್ಟು ಸಲ ನೋಡಿದರೂ ಅದಕ್ಕೊಂದು ಬಿಲ್ಲು ಬರೆದಿರಲಿಲ್ಲ. ಹೋದ ಭಾನುವಾರ ಬರೆಯೋಣ ಅಂತ ಪೆನ್ನು ತೆಗೆದೆ.

“ನಾ ಹೇಳ್ತೀನಿ, ಬರ್ಕೋ” ಅಂದರು. “ಯಾರೂ ಸಾಯಲ್ಲ. ಕೊನೇಲಿ ಮದುವೆ ಆಗ್ತದೆ.”

“ಹಾಲು?” ಅಂದಳು ಮಗಳು.

“ಉಕ್ಕಿಲ್ಲ. ನಂಗೆ ಗೊತ್ತಿತ್ತು, ಒಲೆ ಮೇಲೆ ಇಡೋಕೇ ಬಿಟ್ಟಿಲ್ಲ.”